ಹಳದಿ ತ್ರಿಕೋನದ ಕಳೆನಾಶಕ: ಪ್ಯಾರಾಕ್ವಾಟ್ ಕುರಿತು ಕೃಷಿ ಮತ್ತು ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಕೃಷಿ ಸಚಿವರಿಗೆ ಹಾಗೂ ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ ನಮಸ್ಕಾರಗಳು.

ಇಬ್ಬರಿಗೂ ಒಂದೇ ಪತ್ರ ಬರೆಯುತ್ತಿರುವುದಕ್ಕೆ ಕಾರಣವಿದೆ. ಪ್ಯಾರಾಕ್ವಾಟ್ ಡೈಕ್ಲೋರೈಡ್ 24% ಎಸ್‌ಎಲ್ (ನೀರಿನಲ್ಲಿ ಕರಗುವ ದ್ರಾವಣ) ಎಂಬ ಕಳೆನಾಶಕವನ್ನು ಮಾರುವ ಅಂಗಡಿಗೆ ಲೈಸೆನ್ಸ್ ಕೊಡುವುದು ಕೃಷಿ ಇಲಾಖೆ. ಅದೇ ದ್ರಾವಣ ಹೊಟ್ಟೆ ಸೇರಿದವರು ಬಂದು ಮಲಗುವುದು ಆರೋಗ್ಯ ಇಲಾಖೆಯ ಹಾಸಿಗೆಯ ಮೇಲೆ. ಈ ಎರಡು ತುದಿಗಳನ್ನು ಜೋಡಿಸುವ ಅಧಿಕಾರ ರಾಜ್ಯ ಸರ್ಕಾರದ ಕೈಯಲ್ಲೇ ಇದೆ, 1968ರ ಕೀಟನಾಶಕ ಕಾಯ್ದೆಯ 26 ಮತ್ತು 27ನೇ ಸೆಕ್ಷನ್‌ಗಳಲ್ಲಿ. ಅವನ್ನು ಬಳಸಿ ಎಂದು ಕೇಳಲು ಈ ಪತ್ರ.

ಬೇಡಿಕೆಗಳನ್ನು ಮೊದಲೇ ಹೇಳಿಬಿಡುತ್ತೇವೆ. ಪ್ಯಾರಾಕ್ವಾಟ್ ವಿಷಬಾಧೆಯ ಪ್ರತಿಯೊಂದು ಪ್ರಕರಣವೂ ಕಡ್ಡಾಯವಾಗಿ ವರದಿಯಾಗಬೇಕು. ತನಿಖೆ ಮುಗಿಯುವವರೆಗೆ ಮಾರಾಟ ನಿಲ್ಲಬೇಕು. ತನಿಖೆಯ ವರದಿ ಶಾಶ್ವತ ನಿಷೇಧದ ಶಿಫಾರಸಿನೊಂದಿಗೆ ಕೇಂದ್ರಕ್ಕೆ ಹೋಗಬೇಕು. ಅಲ್ಲಿಯ ತನಕ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಒಂದು ಅಗ್ಗದ ಮೂತ್ರ ಪರೀಕ್ಷೆಯ ಪುಡಿ ಮತ್ತು ಆಮ್ಲಜನಕ ಯಾವಾಗ ಕೊಡಬೇಕು, ಯಾವಾಗ ಕೊಡಬಾರದು ಎಂಬ ಲಿಖಿತ ಸೂಚನೆ ಇರಬೇಕು. ಹೀಗೆ ಕೇಳುವುದೇಕೆ ಎಂಬುದಕ್ಕೆ ಉತ್ತರ ಜೀವಕೋಶದ ಒಳಗಿದೆ. ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ವಿನಂತಿ.

ಪ್ಯಾರಾಕ್ವಾಟ್ ಹೊಸ ರಾಸಾಯನಿಕವಲ್ಲ. 1882ರಲ್ಲೇ ಪ್ರಯೋಗಶಾಲೆಯಲ್ಲಿ ತಯಾರಾಗಿತ್ತು. ಮೀಥೈಲ್ ವಯೊಲೊಜೆನ್ ಎಂಬ ಹೆಸರಿನಲ್ಲಿ ಬಣ್ಣ ಬದಲಿಸುವ ಸೂಚಕವಾಗಿ ಬಳಕೆಯಲ್ಲಿತ್ತು. ಅದು ಕಳೆ ಕೊಲ್ಲುತ್ತದೆ ಎಂಬುದು ಇಂಗ್ಲೆಂಡಿನ ಐಸಿಐ ಕಂಪನಿಯವರಿಗೆ ಗೊತ್ತಾದದ್ದು 1955ರಲ್ಲಿ. ಮಾರುಕಟ್ಟೆಗೆ ಬಂದದ್ದು 1962ರಲ್ಲಿ. ಬಣ್ಣ ಬದಲಿಸುವ ಗುಣಕ್ಕೂ ಕೊಲ್ಲುವ ಗುಣಕ್ಕೂ ಮೂಲ ಒಂದೇ. ಎರಡು ಧನ ವಿದ್ಯುದಂಶ ಹೊತ್ತ ಈ ಅಣು ಎಲ್ಲಾದರೂ ಒಂದು ಎಲೆಕ್ಟ್ರಾನ್ ಸಿಕ್ಕರೆ ಹಿಡಿದುಕೊಂಡು ಕಡುನೀಲಿ ಬಣ್ಣದ ಫ್ರೀ ರಾಡಿಕಲ್, ಅಂದರೆ ಜೋಡಿಯಿಲ್ಲದ ಎಲೆಕ್ಟ್ರಾನ್ ಹೊತ್ತ ಚಂಚಲ ಅಣು, ಆಗುತ್ತದೆ. ಹತ್ತಿರ ಆಮ್ಲಜನಕವಿದ್ದರೆ ಕಣ್ಣು ಮಿಟುಕಿಸುವುದರೊಳಗೆ ಆ ಎಲೆಕ್ಟ್ರಾನನ್ನು ಅದಕ್ಕೆ ದಾಟಿಸಿ, ತಾನು ಮತ್ತೆ ಮೊದಲಿನ ಪ್ಯಾರಾಕ್ವಾಟ್ ಆಗಿಬಿಡುತ್ತದೆ. ಎಲೆಕ್ಟ್ರಾನ್ ಪಡೆದ ಆಮ್ಲಜನಕ ಈಗ ಸುತ್ತಲಿನದನ್ನು ಕೆಡಿಸುವ ಸೂಪರ್‌ಆಕ್ಸೈಡ್. ಮಂಡಿಯ ದಲ್ಲಾಳಿ ಒಬ್ಬರ ಕೈಯಿಂದ ತೆಗೆದು ಇನ್ನೊಬ್ಬರ ಕೈಗೆ ಹಾಕುತ್ತಾನೆ, ಅವನ ಗಂಟಿನಿಂದ ಒಂದು ಕಾಸೂ ಕರಗುವುದಿಲ್ಲ. ಇದರದ್ದೂ ಅದೇ ವ್ಯವಹಾರ. ಈ ಒಂದು ಗುಣವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಬಹುತೇಕ ವಿಷಗಳು ಒಂದು ಗುರಿಗೆ ಅಂಟಿಕೊಂಡು ಅಲ್ಲೇ ಕೂರುತ್ತವೆ. ಪ್ಯಾರಾಕ್ವಾಟ್ ಖರ್ಚಾಗುವುದೇ ಇಲ್ಲ. ಒಂದೇ ಅಣು ದೇಹದಲ್ಲಿರುವಷ್ಟು ಹೊತ್ತೂ ಇದೇ ಸುತ್ತನ್ನು ಸಾವಿರಾರು ಸಲ ಸುತ್ತುತ್ತದೆ.

ಗಿಡದಲ್ಲಿ ಈ ಎಲೆಕ್ಟ್ರಾನ್ ಸಿಗುವುದು ಎಲೆಯಲ್ಲಿ ಬೆಳಕಿನಿಂದ ಆಹಾರ ತಯಾರಿಸುವ ಹಸಿರು ಅಂಗವಾದ ಕ್ಲೋರೋಪ್ಲಾಸ್ಟ್‌ನಲ್ಲಿ, ಬೆಳಕಿನ ಶಕ್ತಿ ಹರಿಯುವ ಫೋಟೋಸಿಸ್ಟಮ್-1 ಎಂಬ ಘಟ್ಟದಲ್ಲಿ. ಅದಕ್ಕೇ ಬಿಸಿಲಿನ ದಿನ ಬೆಳಗ್ಗೆ ಹೊಡೆದರೆ ಸಂಜೆಯ ಹೊತ್ತಿಗೆ ಹುಲ್ಲು ಸುಟ್ಟಂತಾಗುವುದು, ಮೋಡದ ದಿನ ನಿಧಾನವಾಗುವುದು. ತಾಗಿದ ಹಸಿರು ಭಾಗ ಮಾತ್ರ ಸಾಯುತ್ತದೆ. ಬೇರು ಉಳಿದ ಕಳೆ ಕೆಲವೇ ವಾರಗಳಲ್ಲಿ ಮತ್ತೆ ಚಿಗುರುತ್ತದೆ.

ಮನುಷ್ಯನಲ್ಲಿ ಕ್ಲೋರೋಪ್ಲಾಸ್ಟ್ ಇಲ್ಲವಲ್ಲ, ಹಾಗಾದರೆ ಅಪಾಯವೇನು ಎಂದು ಕೇಳುವವರಿದ್ದಾರೆ. ಅಪಾಯ ಮೈಟೊಕಾಂಡ್ರಿಯಾದಲ್ಲಿದೆ, ಅಂದರೆ ಜೀವಕೋಶದೊಳಗೆ ಶಕ್ತಿ ತಯಾರಿಸುವ ಪುಟ್ಟ ಅಂಗಗಳಲ್ಲಿ. ನಾವು ಉಂಡ ಅನ್ನದಿಂದ ಬಂದ ಎಲೆಕ್ಟ್ರಾನ್‌ಗಳು ಅಲ್ಲಿನ ಒಳಪೊರೆಯಲ್ಲಿ ಸಾಲಾಗಿ ಕೂತ ಪ್ರೋಟೀನ್ ಸಂಕೀರ್ಣಗಳ ಮೂಲಕ ಹಾದು ಕೊನೆಗೆ ಆಮ್ಲಜನಕವನ್ನು ಸೇರಿ ನೀರಾಗಬೇಕು. ಆ ಹರಿವಿನಿಂದಲೇ ಜೀವಕೋಶದ ಇಂಧನವಾದ ಎಟಿಪಿ ತಯಾರಾಗುತ್ತದೆ. ಹರಿವು ಸರಿಯಾಗಿರುವಾಗ ಒಳಪೊರೆಯ ಆಚೀಚೆ ಸುಮಾರು 150ರಿಂದ 180 ಮಿಲಿವೋಲ್ಟ್ ವ್ಯತ್ಯಾಸ ಇರುತ್ತದೆ, ಒಳಭಾಗ ಋಣ. ಎರಡು ಧನ ವಿದ್ಯುದಂಶದ ಪ್ಯಾರಾಕ್ವಾಟನ್ನು ಈ ವೋಲ್ಟೇಜೇ ಒಳಕ್ಕೆ ಎಳೆದುಕೊಳ್ಳುತ್ತದೆ. ಅಂದರೆ ಹೆಚ್ಚು ಚುರುಕಾಗಿ ಕೆಲಸ ಮಾಡುವ ಮೈಟೊಕಾಂಡ್ರಿಯಾ ಹೆಚ್ಚು ವಿಷವನ್ನು ತುಂಬಿಕೊಳ್ಳುತ್ತದೆ. ಒಳಗೆ ಅದಕ್ಕೆ ಎಲೆಕ್ಟ್ರಾನ್ ಒದಗಿಸುವ ಮುಖ್ಯ ಜಾಗ ಆ ಸಾಲಿನ ಮೊದಲನೆಯದಾದ ಕಾಂಪ್ಲೆಕ್ಸ್-1 ಎಂಬುದನ್ನು ಕೇಂಬ್ರಿಡ್ಜ್‌ನ ಹೆಲೆನಾ ಕೊಶೆಮೆ ಮತ್ತು ಮೈಕೆಲ್ ಮರ್ಫಿ 2008ರಲ್ಲಿ ತೋರಿಸಿದರು. ಮೈಟೊಕಾಂಡ್ರಿಯಾದ ಹೊರಗೂ, ಪಿ450 ರಿಡಕ್ಟೇಸ್‌ನಂಥ ಕಿಣ್ವಗಳಿಂದ, ಇದೇ ವ್ಯವಹಾರ ನಡೆಯುತ್ತದೆ.

ಜೀವಕೋಶಕ್ಕೆ ಇದನ್ನು ಎದುರಿಸುವ ವ್ಯವಸ್ಥೆ ಇಲ್ಲವೆಂದಲ್ಲ. ಮೈಟೊಕಾಂಡ್ರಿಯಾದೊಳಗಿನ ಮ್ಯಾಂಗನೀಸ್ ಡಿಸ್ಮ್ಯುಟೇಸ್ ಕಿಣ್ವ ಸೂಪರ್‌ಆಕ್ಸೈಡನ್ನು ಹೈಡ್ರೋಜನ್ ಪೆರಾಕ್ಸೈಡ್ ಮಾಡುತ್ತದೆ. ಗ್ಲುಟಾಥಿಯೋನ್ ಎಂಬ ರಕ್ಷಕ ಅಣುವಿನ ನೆರವಿನಿಂದ ಕೆಲಸ ಮಾಡುವ ಪೆರಾಕ್ಸಿಡೇಸ್ ಅದನ್ನು ನೀರಾಗಿಸುತ್ತದೆ. ಈ ಕೆಲಸದಲ್ಲಿ ಸವೆದ ಗ್ಲುಟಾಥಿಯೋನನ್ನು ಮತ್ತೆ ಸರಿಪಡಿಸಲು ಎಲೆಕ್ಟ್ರಾನ್ ಒದಗಿಸುವ ಅಣುವಾದ ಎನ್‌ಎಡಿಪಿಎಚ್ ಬೇಕು. ತೊಡಕು ಇಲ್ಲೇ: ಪ್ಯಾರಾಕ್ವಾಟ್ ತನ್ನ ಸುತ್ತು ಸುತ್ತಲು ಅದೇ ಎನ್‌ಎಡಿಪಿಎಚ್ ದಾಸ್ತಾನನ್ನೂ ಬರಿದು ಮಾಡುತ್ತಿರುತ್ತದೆ. ಬೆಂಕಿ ಹಚ್ಚುವುದೂ ಅದೇ, ನೀರಿನ ತೊಟ್ಟಿ ಖಾಲಿ ಮಾಡುವುದೂ ಅದೇ. ಇತ್ತ ಸೂಪರ್‌ಆಕ್ಸೈಡ್ ಅಕೊನಿಟೇಸ್ ಎಂಬ ಕಿಣ್ವದ ಕಬ್ಬಿಣ-ಗಂಧಕದ ಗೊಂಚಲನ್ನು ಒಡೆದು ಕಬ್ಬಿಣವನ್ನು ಬಿಡುಗಡೆ ಮಾಡುತ್ತದೆ. ಬಿಡುಗಡೆಯಾದ ಕಬ್ಬಿಣ ಉಳಿದ ಹೈಡ್ರೋಜನ್ ಪೆರಾಕ್ಸೈಡ್ ಜೊತೆ ಸೇರಿದಾಗ ಹುಟ್ಟುವುದು ಹೈಡ್ರಾಕ್ಸಿಲ್ ರಾಡಿಕಲ್. ಇದನ್ನು ತಡೆಯುವ ಯಾವ ಕಿಣ್ವವೂ ದೇಹದಲ್ಲಿಲ್ಲ. ಹುಟ್ಟಿದಲ್ಲೇ ಕೈಗೆ ಸಿಕ್ಕಿದ್ದನ್ನು ಕಚ್ಚುತ್ತದೆ.

ಮೊದಲು ಸಿಗುವುದು ಪೊರೆಯ ಕೊಬ್ಬು. ಒಂದು ಕೊಬ್ಬಿನ ಅಣು ಕೆಟ್ಟರೆ ಅದು ಪಕ್ಕದ್ದನ್ನು ಕೆಡಿಸುತ್ತದೆ, ಸರಪಳಿ ತಾನಾಗಿ ಮುಂದುವರಿಯುತ್ತದೆ. ಒಳಪೊರೆಯ ವಿಶಿಷ್ಟ ಕೊಬ್ಬು ಕಾರ್ಡಿಯೊಲಿಪಿನ್ ಕೆಟ್ಟಾಗ ಅದಕ್ಕೆ ಅಂಟಿಕೊಂಡಿದ್ದ ಸೈಟೊಕ್ರೋಮ್-ಸಿ ಸಡಿಲವಾಗಿ ಹೊರಬೀಳುತ್ತದೆ. ಅದು ಹೊರಗೆ ಕಾಣಿಸಿಕೊಂಡಿತೆಂದರೆ ಜೀವಕೋಶಕ್ಕೆ ಸಾಯುವ ಆಜ್ಞೆ ಬಂತೆಂದೇ ಅರ್ಥ. ಪೊರೆಯಲ್ಲಿ ರಂಧ್ರ ಬಿದ್ದು ವೋಲ್ಟೇಜ್ ಕುಸಿದರೆ ಎಟಿಪಿ ಉತ್ಪಾದನೆ ನಿಲ್ಲುತ್ತದೆ. ಆಗ ಕ್ರಮಬದ್ಧವಾಗಿ ಸಾಯುವಷ್ಟು ಶಕ್ತಿಯೂ ಇಲ್ಲದೆ ಜೀವಕೋಶ ಒಡೆದು ಸುತ್ತಲೂ ಉರಿಯೂತ ಹಬ್ಬಿಸುತ್ತದೆ.

ಇಡೀ ದೇಹದಲ್ಲಿ ಶ್ವಾಸಕೋಶವೇ ಏಕೆ ಹೆಚ್ಚು ಹಾಳಾಗುತ್ತದೆ? ಗಾಳಿಗೂಡಿನ ಜೀವಕೋಶಗಳಲ್ಲಿ ಪ್ಯೂಟ್ರೆಸಿನ್, ಸ್ಪರ್ಮಿಡಿನ್‌ನಂಥ ಪಾಲಿಅಮೈನ್‌ಗಳನ್ನು ರಕ್ತದಿಂದ ಒಳಕ್ಕೆ ಎಳೆಯುವ ಪಂಪುಗಳಿವೆ. ಪ್ಯಾರಾಕ್ವಾಟ್‌ನ ಎರಡು ಧನ ತುದಿಗಳ ನಡುವಿನ ಅಂತರ ಈ ಪಾಲಿಅಮೈನ್‌ಗಳನ್ನು ಹೋಲುವುದರಿಂದ ಪಂಪು ಮೋಸಹೋಗುತ್ತದೆ. ಹೀಗಾಗಿ ಶ್ವಾಸಕೋಶದಲ್ಲಿ ವಿಷದ ಸಾಂದ್ರತೆ ರಕ್ತದಲ್ಲಿರುವುದಕ್ಕಿಂತ ಹಲವು ಪಟ್ಟು ಏರುತ್ತದೆ, ರಕ್ತದಲ್ಲಿ ಇಳಿಯತೊಡಗಿದ ಮೇಲೂ ಅಲ್ಲಿ ಏರುತ್ತಲೇ ಇರುತ್ತದೆ. ದೇಹದಲ್ಲಿ ಆಮ್ಲಜನಕ ಅತಿ ಹೆಚ್ಚಿರುವ ಜಾಗವೂ ಅದೇ. ಎಲೆಕ್ಟ್ರಾನ್ ಸ್ವೀಕರಿಸುವವರಿಗೆ ಅಲ್ಲಿ ಬರವಿಲ್ಲ. ಇನ್ನು ಮೂತ್ರಪಿಂಡ: ಪ್ಯಾರಾಕ್ವಾಟ್ ಬಹುಪಾಲು ಯಾವ ಬದಲಾವಣೆಯೂ ಇಲ್ಲದೆ ಮೂತ್ರದಲ್ಲೇ ಹೊರಹೋಗುತ್ತದೆ. ಹೋಗುವ ದಾರಿಯಲ್ಲಿ ಮೈಟೊಕಾಂಡ್ರಿಯಾ ದಟ್ಟವಾಗಿರುವ ಮೂತ್ರನಾಳಿಕೆಗಳನ್ನು ಸುಡುತ್ತದೆ. ಮೂತ್ರಪಿಂಡ ಸೋತರೆ ವಿಷ ಹೊರಹೋಗುವ ದಾರಿಯೂ ಮುಚ್ಚಿತು, ಶ್ವಾಸಕೋಶಕ್ಕೆ ಇನ್ನಷ್ಟು ಸಿಕ್ಕಿತು.

ವಾರ್ಡಿನಲ್ಲಿ ಇದು ಕಾಣುವ ರೀತಿಯೇ ಜನರನ್ನು ದಾರಿ ತಪ್ಪಿಸುತ್ತದೆ. ಮೊದಲ ದಿನ ವಾಂತಿ, ಗಂಟಲುರಿ ಬಿಟ್ಟರೆ ರೋಗಿ ಎದ್ದು ಕೂತು ಮಾತಾಡುತ್ತಿರಬಹುದು. ಒಂದೆರಡು ದಿನದಲ್ಲಿ ನಾಲಿಗೆ, ಗಂಟಲಿನಲ್ಲಿ ಹುಣ್ಣು. ಎರಡು ಮೂರನೇ ದಿನ ಮೂತ್ರಪಿಂಡ ಸೋಲುತ್ತಿರುವುದನ್ನು ತೋರಿಸುವ ರಕ್ತದ ಕ್ರಿಯಾಟಿನಿನ್ ಏರುತ್ತದೆ, ಕಣ್ಣು ಹಳದಿಯಾಗುತ್ತದೆ. ಬಳಿಕ ಉಸಿರು. ಸತ್ತ ಗಾಳಿಗೂಡುಗಳ ಜಾಗದಲ್ಲಿ ನಾರು ಬೆಳೆಯುತ್ತದೆ, ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುತ್ತದೆ. ಪ್ರಮಾಣ ಹೆಚ್ಚಿದ್ದರೆ ಕೆಲವೇ ದಿನಗಳಲ್ಲಿ, ಕಡಿಮೆಯಿದ್ದರೆ ವಾರಗಳಲ್ಲಿ ಸಾವು. ಕೊನೆಯವರೆಗೂ ಪ್ರಜ್ಞೆ ಇರುತ್ತದೆ. ನುಂಗಿದವರಲ್ಲಿ ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಮಂದಿ ಉಳಿಯುವುದಿಲ್ಲ ಎಂಬುದು ಹಲವು ಆಸ್ಪತ್ರೆಗಳ ವರದಿಗಳಲ್ಲಿ ಮತ್ತೆ ಮತ್ತೆ ಬಂದಿದೆ. ಮಾರಕ ಪ್ರಮಾಣ ಎಷ್ಟು ಎಂಬ ಅಂಕಿಯನ್ನು ಬೇಕೆಂದೇ ಇಲ್ಲಿ ಬರೆದಿಲ್ಲ. ಇದನ್ನು ಓದುತ್ತಿರುವ ಯಾರಿಗಾದರೂ ಬದುಕು ಭಾರವೆನಿಸಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಸಂಖ್ಯೆಗೆ ಕರೆ ಮಾಡಿ. ಶುಲ್ಕವಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಬಾಟಲಿಯ ಮೇಲಿನ ತ್ರಿಕೋನದ ಮಾತು. 1971ರ ಕೀಟನಾಶಕ ನಿಯಮಗಳ ಪ್ರಕಾರ ಬಣ್ಣ ನಿರ್ಧಾರವಾಗುವುದು ಪ್ರಯೋಗದ ಪ್ರಾಣಿಗಳಲ್ಲಿ ಅರ್ಧದಷ್ಟನ್ನು ಕೊಲ್ಲುವ ಪ್ರಮಾಣದ ಮೇಲೆ. ಬಾಯಿಯ ಮೂಲಕ ದೇಹದ ತೂಕದ ಪ್ರತಿ ಕಿಲೋಗೆ 50 ಮಿಲಿಗ್ರಾಮ್ ಒಳಗಿದ್ದರೆ ಕೆಂಪು, 51ರಿಂದ 500 ಇದ್ದರೆ ಹಳದಿ. ಇಲಿಗಳ ಲೆಕ್ಕದಲ್ಲಿ ಪ್ಯಾರಾಕ್ವಾಟ್ ಹಳದಿಗೆ ಬೀಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲೂ ಅದು ಎರಡನೇ ದರ್ಜೆ, ಅಂದರೆ ‘ಮಧ್ಯಮ ಅಪಾಯಕಾರಿ’. ಆದರೆ ಈ ಲೆಕ್ಕ ಒಂದು ಪ್ರಶ್ನೆಯನ್ನು ಕೇಳುವುದೇ ಇಲ್ಲ: ವಿಷ ಹೊಕ್ಕ ಮೇಲೆ ವೈದ್ಯರ ಕೈಯಲ್ಲಿ ಏನಿದೆ? ಕೆಂಪು ತ್ರಿಕೋನದ ಆರ್ಗನೊಫಾಸ್ಫೇಟ್ ವರ್ಗದ ಕೀಟನಾಶಕ ಕುಡಿದವರಿಗೆ ಅಟ್ರೋಪಿನ್ ಎಂಬ ಪ್ರತ್ಯೌಷಧ ಇದೆ, ವೆಂಟಿಲೇಟರ್ ಇದೆ. ಸಮಯಕ್ಕೆ ಬಂದವರಲ್ಲಿ ಬಹಳ ಮಂದಿ ನಡೆದು ಮನೆಗೆ ಹೋಗುತ್ತಾರೆ. ಹಳದಿ ತ್ರಿಕೋನದ ಪ್ಯಾರಾಕ್ವಾಟ್‌ಗೆ ಪ್ರತ್ಯೌಷಧವೇ ಇಲ್ಲ. ಅಂಗಡಿಯಲ್ಲಿ ಕೆಂಪು ನೋಡಿ ಹೆದರಿ ಹಳದಿ ಕೊಳ್ಳುವ ರೈತನಿಗೆ ಈ ಬಣ್ಣ ಸುಳ್ಳು ಧೈರ್ಯ ಕೊಡುತ್ತದೆ.

ಪ್ರತ್ಯೌಷಧ ಏಕೆ ಸಿಕ್ಕಿಲ್ಲ ಎಂಬುದಕ್ಕೂ ಆ ಸುತ್ತುವ ಎಲೆಕ್ಟ್ರಾನೇ ಕಾರಣ. ವಿಟಮಿನ್ ಸಿ, ಎನ್-ಅಸಿಟೈಲ್ ಸಿಸ್ಟೀನ್‌ನಂಥವು ಒಂದು ರಾಡಿಕಲನ್ನು ತಣಿಸಬಹುದು, ಅಷ್ಟರಲ್ಲಿ ಅದೇ ಪ್ಯಾರಾಕ್ವಾಟ್ ಅಣು ಮುಂದಿನದನ್ನು ಹುಟ್ಟಿಸಿರುತ್ತದೆ. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಸೈಕ್ಲೋಫಾಸ್ಫಮೈಡ್ ಮತ್ತು ಸ್ಟೀರಾಯ್ಡ್ ಸೇರಿಸಿ ಕೊಡುವ ಕ್ರಮದ ಮೇಲೆ ಒಂದು ಕಾಲದಲ್ಲಿ ಭರವಸೆ ಇತ್ತು. ಶ್ರೀಲಂಕಾದ ಆಸ್ಪತ್ರೆಗಳಲ್ಲಿ ನಡೆದ ದೊಡ್ಡ ತುಲನಾತ್ಮಕ ಪ್ರಯೋಗದಲ್ಲಿ ಅದರಿಂದ ಸಾವು ಕಡಿಮೆಯಾಗಲಿಲ್ಲ. ಡಯಾಲಿಸಿಸ್ ಅಥವಾ ರಕ್ತವನ್ನು ಇದ್ದಿಲಿನ ಮೂಲಕ ಸೋಸುವ ಹೀಮೊಪರ್ಫ್ಯೂಷನ್‌ನಿಂದ ಏನಾದರೂ ಪ್ರಯೋಜನವಿದ್ದರೆ ಅದು ಮೊದಲ ಕೆಲವು ಗಂಟೆಗಳಲ್ಲಿ ಮಾತ್ರ, ಶ್ವಾಸಕೋಶ ತನ್ನ ಪಾಲು ಎಳೆದುಕೊಳ್ಳುವ ಮುಂಚೆ. ಹಳ್ಳಿಯಿಂದ ಡಯಾಲಿಸಿಸ್ ಯಂತ್ರದ ತನಕ ಬರಲು ಎಷ್ಟು ಹೊತ್ತು ಬೇಕೆಂಬುದು ತಮಗೆ ಗೊತ್ತೇ ಇದೆ.

ಆದರೂ ತಾಲ್ಲೂಕು ಆಸ್ಪತ್ರೆಯಲ್ಲಿ ಮಾಡಬಹುದಾದ, ಮಾಡಲೇಬೇಕಾದ ಕೆಲಸಗಳಿವೆ. ಮಾನ್ಯ ಆರೋಗ್ಯ ಸಚಿವರೇ, ಈ ಭಾಗ ತಮಗೆ.

ಮೊದಲನೆಯದು ಗುರುತಿಸುವುದು. ‘ಔಷಧಿ ಕುಡಿದಿದ್ದಾರೆ’ ಎಂದು ಕರೆತಂದವರ ಕೈಯಲ್ಲಿ ಬಾಟಲಿ ಇರುವುದು ಅಪರೂಪ. ಕೀಟನಾಶಕ ಎಂದರೆ ಆರ್ಗನೊಫಾಸ್ಫೇಟ್ ಎಂದೇ ಊಹಿಸಿ ಅಟ್ರೋಪಿನ್ ಶುರು ಮಾಡಿದರೆ ಅಮೂಲ್ಯ ಗಂಟೆಗಳು ಹೋಗುತ್ತವೆ. ಪಾಪೆ ಕಿರಿದಾಗಿಲ್ಲ, ಜೊಲ್ಲು, ಬೆವರು ಸುರಿಯುತ್ತಿಲ್ಲ, ವಾಂತಿಗೆ ನೀಲಿ-ಹಸಿರು ಛಾಯೆ ಇದೆ ಎಂದರೆ ಪ್ಯಾರಾಕ್ವಾಟ್ ಎಂದು ಅನುಮಾನಿಸಬೇಕು. ಖಚಿತಪಡಿಸಲು ಬೇಕಾದದ್ದು ಸೋಡಿಯಂ ಡೈಥಯೋನೈಟ್ ಮತ್ತು ಸೋಡಿಯಂ ಹೈಡ್ರಾಕ್ಸೈಡ್, ಎರಡೂ ಅಗ್ಗ. 1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ 1% ಡೈಥಯೋನೈಟ್ ದ್ರಾವಣವನ್ನು ಆಗಲೇ ತಯಾರಿಸಿ, 10 ಮಿಲಿ ಮೂತ್ರಕ್ಕೆ 1 ಮಿಲಿ ಬೆರೆಸಬೇಕು. ನೀಲಿ ಬಂದರೆ ಪ್ಯಾರಾಕ್ವಾಟ್; ಹಸಿರು ಬಂದರೆ ಅದರ ಸೋದರ ರಾಸಾಯನಿಕ ಡೈಕ್ವಾಟ್. ಆ ನೀಲಿ ಬೇರೇನಲ್ಲ, ರೋಗಿಯ ಮೈಟೊಕಾಂಡ್ರಿಯಾದಲ್ಲಿ ಅದೇ ಹೊತ್ತಿಗೆ ಹುಟ್ಟುತ್ತಿರುವ ರಾಡಿಕಲ್ಲೇ. ಡೈಥಯೋನೈಟ್ ನಳಿಕೆಯಲ್ಲಿನ ಆಮ್ಲಜನಕವನ್ನೂ ಮುಗಿಸಿಬಿಡುವುದರಿಂದ ಕಣ್ಣಿಗೆ ಕಾಣುವಷ್ಟು ಹೊತ್ತು ನಿಲ್ಲುತ್ತದೆ.

ಪರೀಕ್ಷೆ ಕೆಡುವುದು ಪುಡಿಯಿಂದ. ಡೈಥಯೋನೈಟ್ ತೇವದ ಗಾಳಿ ತಾಗಿದರೆ ಸತ್ವ ಕಳೆದುಕೊಳ್ಳುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಮುಚ್ಚಳ ಸಡಿಲವಾದ ಡಬ್ಬಿಯ ಪುಡಿ ವಿಷವಿದ್ದರೂ ಬಣ್ಣ ತೋರಿಸದೆ ಹೋಗಬಹುದು. ಹಾಗಾಗಿ ಸಣ್ಣ ಸಣ್ಣ ಗಾಳಿಯಾಡದ ಶೀಶೆಗಳಲ್ಲಿ ಸರಬರಾಜು ಮಾಡಬೇಕು, ಪ್ರತಿ ಪರೀಕ್ಷೆಯ ಪಕ್ಕದಲ್ಲಿ ಪ್ಯಾರಾಕ್ವಾಟ್ ಬೆರೆಸಿದ ಒಂದು ಮಾದರಿ ಮತ್ತು ಬೆರೆಸದ ಇನ್ನೊಂದು ಮಾದರಿ ಇಟ್ಟು ಹೋಲಿಸಬೇಕು. ನುಂಗಿ ಒಂದೆರಡು ಗಂಟೆಯಷ್ಟೇ ಆಗಿದ್ದಾಗ ಬಣ್ಣ ಬರಲಿಲ್ಲವೆಂದು ಮನೆಗೆ ಕಳಿಸುವಂತಿಲ್ಲ. ಆರು ಗಂಟೆ ಕಳೆದ ಮೇಲೆ ಮತ್ತೆ ನೋಡಬೇಕು.

ಎರಡನೆಯದು ಹೊಟ್ಟೆಯಲ್ಲಿ ಉಳಿದಿರುವುದನ್ನು ಹಿಡಿಯುವುದು. ರೋಗಿ ಎಚ್ಚರವಾಗಿದ್ದು ನುಂಗಬಲ್ಲವರಾದರೆ ಆಕ್ಟಿವೇಟೆಡ್ ಚಾರ್ಕೋಲ್, ಕಿಲೋ ತೂಕಕ್ಕೆ 1 ಗ್ರಾಮ್. ಅಥವಾ ವಯಸ್ಕರಿಗೆ 15% ಫುಲ್ಲರ್ಸ್ ಅರ್ತ್ 1 ಲೀಟರ್. ಫುಲ್ಲರ್ಸ್ ಅರ್ತ್ ಎಂದರೆ ಮುಲ್ತಾನಿ ಮಿಟ್ಟಿಯ ಜಾತಿಯ ಜೇಡಿ ಎಂದು ಫ್ಯಾನ್ಸಿ ಸ್ಟೋರಿನ ಮುಖಲೇಪದ ಪೊಟ್ಟಣ ಕಲಸಿ ಕುಡಿಸುವುದು ಬೇಡ. ಪ್ಯಾರಾಕ್ವಾಟ್ ಜೇಡಿಗೆ ಬಲವಾಗಿ ಅಂಟುತ್ತದೆ ಎಂಬುದೇ ಇದರ ಹಿಂದಿನ ತತ್ವ. ಮೊದಲ ಒಂದೆರಡು ಗಂಟೆಯಲ್ಲಿ ಕೊಟ್ಟರೆ ಮಾತ್ರ ಅರ್ಥವಿದೆ. ಆದ್ದರಿಂದ ಇದು ಜಿಲ್ಲಾ ಆಸ್ಪತ್ರೆಯ ಉಗ್ರಾಣದಲ್ಲಿ ಅಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ 108 ವಾಹನದಲ್ಲೂ ಇರಬೇಕು. ಉಪ್ಪುನೀರು ಕುಡಿಸಿ, ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸುವುದು ಖಂಡಿತ ಕೂಡದು: ಸುಟ್ಟ ಅನ್ನನಾಳದ ಮೇಲೆ ಅದೇ ದ್ರಾವಣ ಇನ್ನೊಮ್ಮೆ ಹರಿಯುತ್ತದೆ, ಉಸಿರುನಾಳಕ್ಕೂ ಹೋಗಬಹುದು.

ಮೂರನೆಯದು ಆಮ್ಲಜನಕ, ಮತ್ತು ಇದರಲ್ಲೇ ಒಳ್ಳೆಯ ಉದ್ದೇಶದಿಂದ ಹೆಚ್ಚು ಹಾನಿಯಾಗುವುದು. ತುರ್ತು ವಿಭಾಗಕ್ಕೆ ಬಂದ ಕೂಡಲೇ ಮಾಸ್ಕ್ ಹಾಕುವುದು ಸಿಬ್ಬಂದಿಗೆ ರೂಢಿ. ಪ್ಯಾರಾಕ್ವಾಟ್ ಹೊಕ್ಕ ಶ್ವಾಸಕೋಶಕ್ಕೆ ಹೆಚ್ಚುವರಿ ಆಮ್ಲಜನಕ ಎಂದರೆ ಸೂಪರ್‌ಆಕ್ಸೈಡ್ ತಯಾರಿಕೆಗೆ ಕಚ್ಚಾವಸ್ತು. ಬ್ರಿಟಿಷ್ ಥೊರಾಸಿಕ್ ಸೊಸೈಟಿಯ ಮಾರ್ಗಸೂಚಿ ಇಂಥವರಲ್ಲಿ ಆಕ್ಸಿಮೀಟರ್ ಗುರಿಯನ್ನು 85ರಿಂದ 88 ಶೇಕಡಾ ಎಂದೇ ಇಟ್ಟಿದೆ; ಅದಕ್ಕಿಂತ ಕೆಳಗಿಳಿಯದ ಹೊರತು ಕೊಡುವಂತಿಲ್ಲ. ಉಸಿರಿನ ಕಷ್ಟ ಕೊನೆಯ ಹಂತ ತಲುಪಿದಾಗ ನೆಮ್ಮದಿಗಾಗಿ ಕೊಡುವ ಮಾತು ಬೇರೆ. 108 ಸಿಬ್ಬಂದಿಯಿಂದ ಹಿಡಿದು ಐಸಿಯುವರೆಗೆ ಈ ಒಂದು ಸಾಲು ಗೋಡೆಯ ಮೇಲೆ ಕನ್ನಡದಲ್ಲಿ ಇರಬೇಕು.

ಈಗ ಕೃಷಿ ಇಲಾಖೆಯ ಕಡೆಗೆ. ಹೊಲದಲ್ಲಿ ಕೆಲಸ ಮಾಡುವವರ ವಿಷಯವನ್ನು ಉತ್ಪ್ರೇಕ್ಷೆ ಮಾಡಬಾರದು. ಸ್ಪ್ರೇಯರ್‌ನಿಂದ ಬರುವ ಹನಿಗಳು ಗಾಳಿಗೂಡಿನ ತನಕ ಹೋಗುವಷ್ಟು ಸಣ್ಣವಲ್ಲ, ಮೂಗಿನಲ್ಲೇ ನಿಂತು ರಕ್ತ ಸುರಿಸುತ್ತವೆ. ಗಾಯವಿಲ್ಲದ ಚರ್ಮ ಪ್ಯಾರಾಕ್ವಾಟನ್ನು ಅಷ್ಟಾಗಿ ಒಳಬಿಡುವುದಿಲ್ಲ. ಅಪಾಯ ಇರುವುದು 24% ದ್ರಾವಣವನ್ನು ಅಳೆಯುವಾಗ, ಮತ್ತು ಸೋರುವ ಕ್ಯಾನ್ ಬೆನ್ನಿಗೆ ಹಾಕಿಕೊಂಡಾಗ. ಬೆನ್ನು, ಸೊಂಟ, ತೊಡೆ ಗಂಟೆಗಟ್ಟಲೆ ಒದ್ದೆಯಾಗಿರುತ್ತದೆ. ಒದ್ದೆ ಚರ್ಮ ಸುಟ್ಟು ಗಾಯವಾಗುತ್ತದೆ. ಗಾಯವಾದ ಮೇಲೆ ತಡೆಗೋಡೆ ಉಳಿಯುವುದಿಲ್ಲ. ಹೀಗೆ ಚರ್ಮದ ಮೂಲಕವೇ ವಿಷವೇರಿ ಸತ್ತವರ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಮೈಗೆ ಬಿದ್ದರೆ ಬಟ್ಟೆ ಕಳಚಿ ಸೋಪು ಹಚ್ಚಿ ತೊಳೆಯಬೇಕು, ಗಸಗಸ ಉಜ್ಜಬಾರದು. ಕಣ್ಣಿಗೆ ಹಾರಿದರೆ ಕನಿಷ್ಠ 15 ನಿಮಿಷ ಹರಿಯುವ ನೀರು ಬಿಟ್ಟು, ಉರಿ ಕಡಿಮೆಯಾದರೂ ವೈದ್ಯರಿಗೆ ತೋರಿಸಬೇಕು. ಕಾರ್ನಿಯಾದ ಹುಣ್ಣು ಒಂದೆರಡು ದಿನ ತಡವಾಗಿ ಕಾಣಿಸಿಕೊಳ್ಳುತ್ತದೆ.

ಅಳತೆ ಹೇಗೆ ತಪ್ಪುತ್ತದೆ ಎಂಬುದನ್ನೂ ನೋಡಿ. ಹೆಕ್ಟೇರಿಗೆ 2 ಲೀಟರ್ ಔಷಧಿ, 500 ಲೀಟರ್ ನೀರು ಎಂದರೆ ಲೀಟರಿಗೆ 4 ಮಿಲಿ. 16 ಲೀಟರ್ ಕ್ಯಾನಿಗೆ 64 ಮಿಲಿ. ಕೆರೆಯ ಅಥವಾ ಕೃಷಿಹೊಂಡದ ಕೆಸರು ನೀರು ತುಂಬಿದರೆ ಜೇಡಿಯ ಕಣಗಳೇ ಪ್ಯಾರಾಕ್ವಾಟನ್ನು ಹಿಡಿದುಕೊಳ್ಳುತ್ತವೆ, ಹುಲ್ಲು ಸಾಯುವುದಿಲ್ಲ. ‘ಔಷಧಿ ಕೆಲಸ ಮಾಡಲಿಲ್ಲ’ ಎಂದು ಮುಂದಿನ ಕ್ಯಾನಿಗೆ ಒಂದೂವರೆ ಎರಡು ಪಟ್ಟು ಸುರಿಯುವುದು ಇಲ್ಲಿಂದ. ಉಳಿದದ್ದನ್ನು ಖಾಲಿ ನೀರಿನ ಬಾಟಲಿಗೆ ಹಾಕಿ ಅಡುಗೆಮನೆಯ ಮಾಡದಲ್ಲಿಟ್ಟರೆ ಮಕ್ಕಳು ತಂಪು ಪಾನೀಯವೆಂದು ಕುಡಿಯುವ ಅಪಾಯ. ಅಮೆರಿಕ ಇದನ್ನು ತಡೆಯಲು ಪ್ರಮಾಣಪತ್ರ ಪಡೆದವರಷ್ಟೇ ಬಳಸಬೇಕು, ಕೈಯಿಂದ ಸುರಿಯಲಾಗದ ಮುಚ್ಚಿದ ವ್ಯವಸ್ಥೆಯ ಡಬ್ಬಿಯೇ ಇರಬೇಕು ಎಂಬ ನಿಯಮ ಮಾಡಿದೆ. ನಮ್ಮಲ್ಲಿ ಅರ್ಧ ಎಕರೆಯ ರೈತನಿಗೆ ಅರ್ಧ ಲೀಟರ್ ಬಾಟಲಿ ಮಾರುವ ವ್ಯವಸ್ಥೆಯಲ್ಲಿ ಅಂಥ ನಿಯಮ ಕಾಗದದ ಮೇಲೆ ಉಳಿಯುತ್ತದೆ. ಅದಕ್ಕೇ ‘ಸುರಕ್ಷಿತ ಬಳಕೆಯ ತರಬೇತಿ’ ಎಂಬ ಉತ್ತರವನ್ನು ನಾವು ಒಪ್ಪುವುದಿಲ್ಲ.

ದೀರ್ಘಕಾಲದ ಹಾನಿಯ ಬಗ್ಗೆ ಒಂದೇ ಮಾತು. 2011ರಲ್ಲಿ ಅಮೆರಿಕದ ಕೃಷಿ ಕುಟುಂಬಗಳಲ್ಲಿ ನಡೆದ ಅಧ್ಯಯನದಲ್ಲಿ ಪ್ಯಾರಾಕ್ವಾಟ್ ಬಳಸಿದವರಿಗೆ ಪಾರ್ಕಿನ್ಸನ್ ಕಾಯಿಲೆಯ ಸಂಭವ ಸುಮಾರು ಎರಡೂವರೆ ಪಟ್ಟು ಕಂಡಿತು. ಮೈಟೊಕಾಂಡ್ರಿಯಾದ ಮೇಲಿನ ಪರಿಣಾಮದ ದೃಷ್ಟಿಯಿಂದ ಇದು ನಂಬಲರ್ಹ ಸಂಬಂಧ. ಆದರೆ ಅಲ್ಲಿನ ಪರಿಸರ ಸಂಸ್ಥೆಯೂ ಸೇರಿ ಕೆಲವರು ಪುರಾವೆ ಸಾಲದು ಎನ್ನುತ್ತಾರೆ. ನಮ್ಮ ವಾದ ಅದರ ಮೇಲೆ ನಿಂತಿಲ್ಲ.

ಬೇರೆಡೆ ಏನಾಗಿದೆ? ಸ್ವೀಡನ್ 1983ರಲ್ಲೇ ನಿಷೇಧಿಸಿತು. ಯುರೋಪಿಯನ್ ಒಕ್ಕೂಟದ ಅನುಮತಿಯನ್ನು ಅಲ್ಲಿನ ನ್ಯಾಯಾಲಯ 2007ರಲ್ಲಿ ರದ್ದು ಮಾಡಿತು. ಚೀನಾ, ಥಾಯ್ಲೆಂಡ್, ಮಲೇಷ್ಯಾ, ಬ್ರೆಜಿಲ್ ಕೂಡ ಬಾಗಿಲು ಹಾಕಿವೆ. ನಮಗೆ ಹೆಚ್ಚು ಪಾಠವಿರುವುದು ಸಣ್ಣ ಹಿಡುವಳಿಯ ಎರಡು ದೇಶಗಳಲ್ಲಿ. ದಕ್ಷಿಣ ಕೊರಿಯಾ 2011ರಲ್ಲಿ ನೋಂದಣಿ ರದ್ದುಮಾಡಿ 2012ರಲ್ಲಿ ಮಾರಾಟ ನಿಲ್ಲಿಸಿತು. 2011ರಿಂದ 2013ರ ನಡುವೆ ಕೀಟನಾಶಕದಿಂದಾಗುವ ಆತ್ಮಹತ್ಯೆಯ ದರ ಅರ್ಧದಷ್ಟಕ್ಕೆ ಇಳಿಯಿತು. ಶ್ರೀಲಂಕಾ ಮೊದಲು ವಾಂತಿಕಾರಕ ಮತ್ತು ಹೊಟ್ಟೆಯಲ್ಲಿ ಗಟ್ಟಿಯಾಗುವ ಆಲ್ಜಿನೇಟ್ ಬೆರೆಸಿದ ‘ಸುಧಾರಿತ’ ದ್ರಾವಣವನ್ನು ಪ್ರಯತ್ನಿಸಿತ್ತು. ಬದುಕುಳಿಯುವವರ ಪ್ರಮಾಣ ಸುಮಾರು 27 ಶೇಕಡಾದಿಂದ 37ಕ್ಕೆ ಏರಿತು, ಅಷ್ಟೇ. ಕೊನೆಗೆ 2008ರಿಂದ 2011ರ ನಡುವೆ ಹಂತಹಂತವಾಗಿ ಹಿಂತೆಗೆದುಕೊಂಡಿತು. ಕಂಪನಿಗಳು ‘ಹೊಸ ಸೂತ್ರದ ದ್ರಾವಣ’ ತರುತ್ತೇವೆ ಎಂದು ತಮ್ಮಲ್ಲಿಗೆ ಬಂದರೆ ಈ ಅಂಕಿಯನ್ನು ಮುಂದಿಡಿ. ಚಹಾ, ಕಾಫಿ, ರಬ್ಬರ್ ಬೆಳೆಯುವ ನೆರೆಯ ಕೇರಳ 2011ರಿಂದ ಪ್ಯಾರಾಕ್ವಾಟ್ ಇಲ್ಲದೆ ನಡೆಸುತ್ತಿದೆ. ವಯನಾಡಿನಲ್ಲಿ ಆಗುವುದು ಕೊಡಗಿನಲ್ಲಿ ಆಗುವುದಿಲ್ಲ ಎನ್ನಲು ಕಾರಣ ಕಾಣುವುದಿಲ್ಲ.

ಕೇಂದ್ರ ತಾನೇ ಮಾಡಲಿ ಎಂದು ಕಾಯುವುದರಲ್ಲಿ ಹುರುಳಿಲ್ಲ. 2020ರ ಮೇ ತಿಂಗಳಲ್ಲಿ 27 ಕೀಟನಾಶಕಗಳ ನಿಷೇಧಕ್ಕೆ ಕರಡು ಹೊರಡಿಸಿದಾಗ ಆ ಪಟ್ಟಿಯಲ್ಲಿ ಪ್ಯಾರಾಕ್ವಾಟ್ ಇರಲೇ ಇಲ್ಲ. ರಾಜ್ಯಕ್ಕೆ ಶಾಶ್ವತ ನಿಷೇಧದ ಅಧಿಕಾರ ಇಲ್ಲವೆಂಬುದು ನಿಜ. ಆದರೆ 27ನೇ ಸೆಕ್ಷನ್ ಮನುಷ್ಯರಿಗೆ ಅಪಾಯವಿದೆ ಎಂದು ಕಂಡಾಗ ತನಿಖೆ ಬಾಕಿಯಿರುವಂತೆ 60 ದಿನ ಮಾರಾಟ, ವಿತರಣೆ, ಬಳಕೆಯನ್ನು ನಿಲ್ಲಿಸುವ ಅಧಿಕಾರವನ್ನು ರಾಜ್ಯಕ್ಕೂ ಕೊಡುತ್ತದೆ. ತನಿಖೆ ಮುಗಿಯದಿದ್ದರೆ ಇನ್ನೂ 30 ದಿನ ವಿಸ್ತರಿಸಬಹುದು. ಅದೇ ಸೆಕ್ಷನ್‌ನ ಎರಡನೇ ಉಪಭಾಗದಲ್ಲಿ, ರಾಜ್ಯದ ವರದಿ ಬಂದ ಮೇಲೆ ನೋಂದಣಿ ಸಮಿತಿಯೊಂದಿಗೆ ಸಮಾಲೋಚಿಸಿ ನೋಂದಣಿಯನ್ನೇ ರದ್ದು ಮಾಡುವ ಅಧಿಕಾರ ಕೇಂದ್ರಕ್ಕಿದೆ. ಹಾಗಾಗಿ ಬರೀ 60 ದಿನ ಅಂಗಡಿ ಮುಚ್ಚಿಸಿ ಸುಮ್ಮನಾದರೆ ಏನೂ ಆಗದು, 61ನೇ ದಿನ ದಾಸ್ತಾನು ಮತ್ತೆ ಕಪಾಟಿಗೆ ಬರುತ್ತದೆ. ಆ ಅವಧಿಯಲ್ಲಿ ಆಗಬೇಕಾದದ್ದು ತನಿಖೆ: ವೈದ್ಯಕೀಯ ಕಾಲೇಜುಗಳ ಮತ್ತು ಜಿಲ್ಲಾ ಆಸ್ಪತ್ರೆಗಳ ಹಿಂದಿನ ಐದು ವರ್ಷದ ಪ್ರಕರಣಗಳು, ವಿಧಿವಿಜ್ಞಾನ ಪ್ರಯೋಗಾಲಯದ ವರದಿಗಳು, ಜಿಲ್ಲಾವಾರು ಮಾರಾಟದ ಲೆಕ್ಕ, ಅನುಮೋದನೆ ಇಲ್ಲದ ಬೆಳೆಗಳಲ್ಲಿ ಬಳಕೆ ಎಷ್ಟು ಎಂಬ ಕ್ಷೇತ್ರ ಸಮೀಕ್ಷೆ.

ಈ ತನಿಖೆಗೆ ಅಂಕಿ ಒದಗಿಸಬೇಕಾದದ್ದು 26ನೇ ಸೆಕ್ಷನ್. ನಿರ್ದಿಷ್ಟ ವರ್ಗದವರು ತಮ್ಮ ಗಮನಕ್ಕೆ ಬಂದ ವಿಷಬಾಧೆಗಳನ್ನೆಲ್ಲ ಗೊತ್ತುಪಡಿಸಿದ ಅಧಿಕಾರಿಗೆ ವರದಿ ಮಾಡಬೇಕೆಂದು ರಾಜ್ಯ ಸರ್ಕಾರ ಅಧಿಸೂಚನೆ ಹೊರಡಿಸಬಹುದು. ಒಂದು ಎಚ್ಚರಿಕೆ ಇದೆ: ಆ ಸೆಕ್ಷನ್ನಿನ ಮಾತು ‘ಬಳಕೆ ಅಥವಾ ನಿರ್ವಹಣೆಯ ಮೂಲಕ’ ಆದ ವಿಷಬಾಧೆ ಎಂದಿದೆ. ಕುಡಿದು ಬಂದವರ ಪ್ರಕರಣ ಇದರಡಿ ಬರುವುದಿಲ್ಲ ಎಂಬ ವಾದ ಎದ್ದೇಳಬಹುದು. ಆದ್ದರಿಂದ ಆರೋಗ್ಯ ಇಲಾಖೆ ಅದೇ ದಿನ ತನ್ನ ಪ್ರತ್ಯೇಕ ಸುತ್ತೋಲೆಯಿಂದ ಎಲ್ಲ ಪ್ಯಾರಾಕ್ವಾಟ್ ಪ್ರಕರಣಗಳನ್ನೂ, ಉದ್ದೇಶ ಏನೇ ಇರಲಿ, ವರದಿಗೆ ಒಳಪಡಿಸಬೇಕು. ಫಾರ್ಮು ಒಂದು ಪುಟ ಮೀರಬಾರದು: ವಯಸ್ಸು, ತಾಲ್ಲೂಕು, ದೇಹ ಸೇರಿದ ದಾರಿ, ಡೈಥಯೋನೈಟ್ ಫಲಿತಾಂಶ, ಎಷ್ಟು ಗಂಟೆಯ ನಂತರ ಬಂದರು, ಬಾಟಲಿ ಎಲ್ಲಿಂದ ಬಂತು, 30ನೇ ದಿನದ ಸ್ಥಿತಿ. ಕೊನೆಯದನ್ನು ಬಿಡಬೇಡಿ. ಕೈಚೆಲ್ಲಿ ಮನೆಗೆ ಕರೆದೊಯ್ದ ರೋಗಿ ಎರಡು ವಾರದ ಮೇಲೆ ಸತ್ತರೆ ಆಸ್ಪತ್ರೆಯ ಪುಸ್ತಕದಲ್ಲಿ ಅವರು ಸತ್ತವರಲ್ಲ, ‘ಬಿಡುಗಡೆ’ಯಾದವರು.

ರೈತರ ಪ್ರಶ್ನೆ ನ್ಯಾಯವಾದದ್ದು: ಕಳೆಗೆ ಏನು ಮಾಡಬೇಕು? ಕೂಲಿ ಸಿಗುವುದಿಲ್ಲ, ಸಿಕ್ಕರೂ ದುಬಾರಿ. ಗ್ಲೈಫೋಸೇಟ್ ಎಂಬ ಇನ್ನೊಂದು ಕಳೆನಾಶಕವನ್ನು 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಕೀಟ ನಿಯಂತ್ರಣ ಸಂಸ್ಥೆಗಳ ಮೂಲಕವೇ ಬಳಸಬೇಕೆಂದು ನಿರ್ಬಂಧಿಸಿತು. ಹಾಗೆ ಮಾಡುವಾಗ ಅದಕ್ಕಿಂತ ಎಷ್ಟೋ ಪಟ್ಟು ತೀವ್ರ ವಿಷವಾದ ಪ್ಯಾರಾಕ್ವಾಟನ್ನು ಮುಟ್ಟಲಿಲ್ಲ. ಒಂದನ್ನು ಮುಚ್ಚಿದಾಗ ಜನ ಪಕ್ಕದ ಬಾಟಲಿಗೆ ಕೈ ಹಾಕುತ್ತಾರೆ. ಚೀನಾದಲ್ಲಿ ಪ್ಯಾರಾಕ್ವಾಟ್ ಹೋದ ಮೇಲೆ ಡೈಕ್ವಾಟ್ ವಿಷಬಾಧೆ ಹೆಚ್ಚಿತು, ಆದ್ದರಿಂದ ಆ ಜೋಡಿಯನ್ನು ಒಟ್ಟಿಗೇ ನೋಡಬೇಕು. ತೋಟಗಳಲ್ಲಿ ಕಳೆ ಕತ್ತರಿಸುವ ಯಂತ್ರಕ್ಕೆ, ಗದ್ದೆಯಲ್ಲಿ ಸಾಲು ನಾಟಿ ಮತ್ತು ಕೈಯಿಂದ ತಳ್ಳುವ ಕಳೆ ಯಂತ್ರವಾದ ಕೋನೊ ವೀಡರ್‌ಗೆ, ಹತ್ತಿ, ಜೋಳದಲ್ಲಿ ಎಡೆಕುಂಟೆಗೆ ರೈತ ಸಂಪರ್ಕ ಕೇಂದ್ರದ ಮೂಲಕ ಸಹಾಯಧನ ಮತ್ತು ಬಾಡಿಗೆ ವ್ಯವಸ್ಥೆ ಇರಬೇಕು. ನಿಷೇಧದ ಅಧಿಸೂಚನೆ ಹೊರಡುವ ವಾರವೇ ಯಂತ್ರ ಹೋಬಳಿಯಲ್ಲಿರಬೇಕು, ಮುಂದಿನ ಬಜೆಟ್ಟಿಗೆ ಅಲ್ಲ. ಅಡಿಕೆ, ತೆಂಗಿನ ಬುಡದಲ್ಲಿ ದ್ವಿದಳ ಹೊದಿಕೆ ಬೆಳೆ, ಸೋಗೆಯ ಮುಚ್ಚಿಗೆ ಕಳೆಯನ್ನು ಅರ್ಧಕ್ಕರ್ಧ ಹತ್ತಿಕ್ಕುತ್ತವೆ ಎಂಬುದು ತೋಟದವರಿಗೆ ನಾವು ಹೇಳಬೇಕಾದ ವಿಷಯವೇನಲ್ಲ. ರಾಸಾಯನಿಕವೇ ಬೇಕಾದಲ್ಲಿ ಆಯಾ ಬೆಳೆಗೆ ಅನುಮೋದಿತವಾದ, ಆಸ್ಪತ್ರೆಗೆ ಬಂದರೆ ಉಳಿಸಬಹುದಾದ ಕಳೆನಾಶಕಗಳ ಪಟ್ಟಿಯನ್ನು ಬೆಂಗಳೂರು ಮತ್ತು ಧಾರವಾಡದ ಕೃಷಿ ವಿಶ್ವವಿದ್ಯಾಲಯಗಳ ಕಳೆ ತಜ್ಞರೂ ವಿಷಚಿಕಿತ್ಸೆಯ ವೈದ್ಯರೂ ಒಟ್ಟಿಗೆ ಕೂತು ಮಾಡಲಿ. ಇದುವರೆಗೆ ಇಂಥ ಪಟ್ಟಿಗಳನ್ನು ಹುಲ್ಲು ಎಷ್ಟು ಬೇಗ ಒಣಗುತ್ತದೆ ಎಂಬುದರ ಮೇಲಷ್ಟೇ ಮಾಡಿದ್ದೇವೆ.

ಮುಂಗಾರಿನ ಕಳೆ ಏಳುವ ಮುಂಚೆ ಅಧಿಸೂಚನೆ ಹೊರಟರೆ ಆ 60 ದಿನ ಬಳಕೆ ಅತಿ ಹೆಚ್ಚಿರುವ ಕಾಲಕ್ಕೆ ಸರಿಹೊಂದುತ್ತದೆ. ಬೇಸಿಗೆಯಲ್ಲಿ ಹೊರಡಿಸಿದರೆ ಯಾರಿಗೂ ತಟ್ಟದೆ ಮುಗಿದುಹೋಗುತ್ತದೆ. ದಿನಾಂಕ ಗೊತ್ತುಮಾಡುವಾಗ ಇದನ್ನು ಗಮನಿಸಬೇಕೆಂದು ಕೋರುತ್ತೇವೆ.

ಇತಿ ತಮ್ಮ ವಿಶ್ವಾಸಿಗಳು,
ವಿಷಚಿಕಿತ್ಸೆ, ಜೀವರಸಾಯನಶಾಸ್ತ್ರ ಮತ್ತು ಬೇಸಾಯಶಾಸ್ತ್ರದಲ್ಲಿ ಕೆಲಸ ಮಾಡುವ ಕೆಲವರು